ಹುಸ್ಸಾರ್‌ಗೆ ಜರಿ, ಕ್ಯುರಾಸಿಯರ್‌ಗೆ ಉಕ್ಕು: ನೆಪೋಲಿಯನ್ ಕಾಲದ ಬಸ್ಟ್ ಮೊದಲ ಸಲ ಆರಿಸೋರಿಗೆ

ಬಸ್ಟ್ ಅಂದ್ರೆ ತಲೆಯಿಂದ ಎದೆ ತನಕ ಮಾತ್ರ ಇರೋ ಗೊಂಬೆ, ಬಿಡಿ ಭಾಗಗಳಾಗಿ ಬರತ್ತೆ, ನಾವೇ ಜೋಡಿಸಿ ಪೇಂಟ್ ಮಾಡ್ಬೇಕು. ನನ್ನ ಮೊದಲನೇ ರೆಸಿನ್ ಬಸ್ಟ್ ಬಾಕ್ಸ್ ಬಿಚ್ಚಿದಾಗ ನಮ್ಮಜ್ಜಿ ಇಣುಕಿ ನೋಡಿ ಹೇಳಿದ್ದು, "ಇದೇನೋ ಇದು, ರುಂಡ ಒಂದ್ಕಡೆ ಮುಂಡ ಒಂದ್ಕಡೆ, ಕೈನೇ ಇಲ್ಲ, ಇಂಥ ಭಗ್ನ ಗೊಂಬೆ ಯಾರಾದ್ರೂ ದುಡ್ಡು ಕೊಟ್ಟು ತರ್ತಾರೇನೋ?" ಅಜ್ಜಿಗೆ ಉತ್ತರ ಕೊಡೋಕೆ ಆಗ್ಲಿಲ್ಲ, ಯಾಕಂದ್ರೆ ನಾನು ಆರಿಸಿದ್ದೇ ತಪ್ಪು ಕಿಟ್. ಹುಸ್ಸಾರ್ ಅನ್ನೋ ಹಗುರ ಕುದುರೆಪಡೆಯ ಆಫೀಸರ್. ಮೈ ತುಂಬ ಜರಿ. ಫೋಟೋದಲ್ಲಿ ನೋಡಿ ಮರುಳಾಗಿ ತಗೊಂಡೆ, ಆಮೇಲೆ ಆ ಜರಿ ಸಾಲುಗಳನ್ನ ಒಂದೊಂದಾಗಿ ಎಣಿಸ್ತಾ ಮೂರು ವಾರ ರಾತ್ರಿ ಕೂತಿದ್ದೆ, ಮುಖಕ್ಕೆ ಬರೋ ಹೊತ್ತಿಗೆ ಉತ್ಸಾಹನೇ ಖಾಲಿ, ಹಾಗಾಗಿ ಜರಿ ಚೆನ್ನಾಗಿ ಬಂತು, ಮುಖ ಮಾತ್ರ ಪಾಲಿಶ್ ಮಾಡಿದ ಆಲೂಗಡ್ಡೆ ತರ ಆಯ್ತು.

ಆಮೇಲೆ ಒಂದಷ್ಟು ಬಸ್ಟ್ ಮಾಡಿದ ಮೇಲೆ ಗೊತ್ತಾಗಿದ್ದು ಇಷ್ಟು. ಈ ಹವ್ಯಾಸದಲ್ಲಿ "ಯಾವುದು ಬೆಸ್ಟ್" ಅಂತ ಕೇಳೋದೇ ವೇಸ್ಟ್. ಕಿಟ್ ಆಗ್ಲಿ, ಸೈಜ್ ಆಗ್ಲಿ, ಪೇಂಟ್ ಆಗ್ಲಿ, ಪ್ರತಿಯೊಂದೂ ನಿಮ್ಮ ಟೈಮನ್ನ ಬೇರೆ ಬೇರೆ ಜಾಗದಲ್ಲಿ ತಿನ್ನತ್ತೆ. ಎಲ್ಲಿ ತಿಂದ್ರೆ ನಿಮಗೆ ಬೇಜಾರಾಗಲ್ಲ ಅಂತ ನೋಡ್ಕೊಂಡು ಆರಿಸ್ಬೇಕು. ಕೆಳಗಡೆ ಹೇಳಿರೋದೆಲ್ಲ ಆ ಲೆಕ್ಕದಲ್ಲೇ.

ಯಾವ ಸವಾರ?

ಮೊದಲು ಇದನ್ನ ತೀರ್ಮಾನ ಮಾಡಿ, ಮಿಕ್ಕಿದ್ದೆಲ್ಲ ಇದರ ಹಿಂದೆನೇ ಬರತ್ತೆ. ಮಾರ್ಕೆಟ್‌ನಲ್ಲಿ ಜಾಸ್ತಿ ಸಿಗೋದು ಫ್ರೆಂಚ್ ಸವಾರರೇ, ಅದರಲ್ಲೂ ಹುಸ್ಸಾರ್, ಕ್ಯುರಾಸಿಯರ್, ಗಾರ್ಡ್‌ನ ಶಾಸರ್, ಪೋಲಿಶ್ ಲ್ಯಾನ್ಸರ್ ಈ ನಾಲ್ಕು.

ಹುಸ್ಸಾರ್ ಅಂದ್ರೆ ಹಗುರ ಕುದುರೆಪಡೆ. ಮೈಗೆ ಅಂಟಿದ ಡಾಲ್ಮನ್ ಅನ್ನೋ ಜಾಕೆಟ್, ಎಡ ಭುಜದ ಮೇಲೆ ಸುಮ್ನೆ ನೇತಾಡೋ ತುಪ್ಪಳದಂಚಿನ ಇನ್ನೊಂದು ಜಾಕೆಟ್, ಅದಕ್ಕೆ ಪೆಲೀಸ್ ಅಂತಾರೆ. ಎರಡಕ್ಕೂ ಎದೆ ಮೇಲೆ ಅಡ್ಡಡ್ಡ ಹುರಿ, ಆಫೀಸರ್ ಆದ್ರೆ ಚಿನ್ನದ್ದೋ ಬೆಳ್ಳಿದೋ ಜರಿ. ಬಸ್ಟ್‌ನಲ್ಲಿ ಕಾಣೋ ಭಾಗದಲ್ಲೇ ಹತ್ತು ಹನ್ನೆರಡು ಸಾಲು ಇರತ್ತೆ ಅಂತಿಟ್ಕೊಳಿ, ಸಾಲಿಗೆ 5 ಗುಂಡಿ, ಡಾಲ್ಮನ್ ಒಂದಕ್ಕೇ ಅರವತ್ತು ಗುಂಡಿ ಆಯ್ತು, ಪೆಲೀಸ್ ಇನ್ನೂ ಬಾಕಿ. ಪ್ರತಿ ಗುಂಡಿಗೂ ನೆರಳು ಒಂದು ಚುಕ್ಕೆ, ಬೆಳಕು ಒಂದು ಚುಕ್ಕೆ. ಲೆಕ್ಕ ನೀವೇ ಹಾಕ್ಕೊಳಿ.

ಆದ್ರೆ ಹುಸ್ಸಾರ್‌ನಲ್ಲಿ ಒಂದು ಸುಖ ಇದೆ, ಬಣ್ಣದ ಆಯ್ಕೆ. ರೆಜಿಮೆಂಟ್ ರೆಜಿಮೆಂಟಿಗೂ ಬಣ್ಣ ಬೇರೆ. 1ನೇ ಹುಸ್ಸಾರ್ ಪೂರ್ತಿ ಆಕಾಶನೀಲಿ, 2ನೇದು ಕಂದು, 4ನೇದಕ್ಕೆ ನೀಲಿ ಡಾಲ್ಮನ್ ಮೇಲೆ ಕೆಂಪು ಪೆಲೀಸ್, 5ನೇದಕ್ಕೆ ಆಕಾಶನೀಲಿ ಮೇಲೆ ಬಿಳಿ ಪೆಲೀಸ್. ಜರಿ ಚಿನ್ನನೋ ಬೆಳ್ಳಿನೋ ಅನ್ನೋದಕ್ಕೆ ಸಾಮಾನ್ಯವಾಗಿ ಸಿಪಾಯಿಗಳ ಹುರಿ ನೋಡಿದ್ರೆ ಸಾಕು, ಅವರದ್ದು ಹಳದಿ ಇದ್ರೆ ಆಫೀಸರ್‌ದು ಚಿನ್ನ, ಬಿಳಿ ಇದ್ರೆ ಬೆಳ್ಳಿ. ಅಂದ್ರೆ 4ಕ್ಕೂ 5ಕ್ಕೂ ಚಿನ್ನ, 1ಕ್ಕೂ 2ಕ್ಕೂ ಬೆಳ್ಳಿ. 5ನೇದು ನೋಡೋಕೆ ಮದುವೆ ಗಂಡಿನ ತರ ಇರತ್ತೆ, ಆದ್ರೆ ಬಿಳಿ ಬಟ್ಟೆಗೆ ನೆರಳು ಕೊಡೋದು ಅನುಭವ ಇದ್ದೋರಿಗೂ ಬೆವರಿಳಿಸತ್ತೆ, ಹೊಸಬರು ಅದರ ತಂಟೆಗೆ ಹೋಗ್ಬೇಡಿ. ಕಂದು ಬಣ್ಣದ 2ನೇ ಹುಸ್ಸಾರ್ ಬೆಳ್ಳಿ ಜರಿ ಜೊತೆ ತುಂಬ ಚೆನ್ನಾಗಿ ಕೂರತ್ತೆ, ಎಲ್ಲರೂ ಕೆಂಪು ನೀಲಿ ಹಿಂದೆ ಬೀಳೋದ್ರಿಂದ ಅದನ್ನ ಮಾಡೋರು ಕಮ್ಮಿ.

ಹುಸ್ಸಾರ್ ಜನರಲ್ ಅಂದ್ರೆ ಲಾಸಾಲ್ ಹೆಸರು ಬಂದೇ ಬರತ್ತೆ. 1775ರಲ್ಲಿ ಮೆಟ್ಸ್‌ನಲ್ಲಿ ಹುಟ್ಟಿ 1809ರ ಜುಲೈ 6ಕ್ಕೆ ವಾಗ್ರಾಮ್ ಯುದ್ಧದಲ್ಲಿ ಗುಂಡು ತಿಂದು ಸತ್ತ, ವಯಸ್ಸು 34 ಅಷ್ಟೇ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಾವು ಆಫೀಸರ್ ಅಂದ ತಕ್ಷಣ ನರೆತ ಮೀಸೆ ಸುಕ್ಕು ಮುಖ ಅಂದ್ಕೋತೀವಿ, ಆದ್ರೆ ಹಗುರ ಕುದುರೆಪಡೇಲಿ ಎಳೇ ವಯಸ್ಸಿನೋರೇ ಮೇಲೆ ಹೋಗಿರೋದು ಉಂಟು. ಎಳೇ ಮುಖ ಪೇಂಟ್ ಮಾಡೋದು ಕಷ್ಟ. ಸುಕ್ಕು ಇದ್ರೆ ಅದೇ ನಿಮ್ಮ ಬ್ರಷ್‌ಗೆ ದಾರಿ ತೋರಿಸತ್ತೆ, ನುಣುಪು ಕೆನ್ನೆ ಮೇಲೆ ಎಲ್ಲಾನೂ ನೀವೇ ಹುಟ್ಟಿಸ್ಬೇಕು.

ಕ್ಯುರಾಸಿಯರ್ ಉಲ್ಟಾ. ಭಾರೀ ಕುದುರೆ, ಭಾರೀ ಆಳು, ಎದೆಗೂ ಬೆನ್ನಿಗೂ ಉಕ್ಕಿನ ಕವಚ. ಉಕ್ಕಿನ ಹೆಲ್ಮೆಟ್, ಅದರ ಸುತ್ತ ಕಪ್ಪು ತುಪ್ಪಳದ ಪಟ್ಟಿ, ಮೇಲೆ ಹಿತ್ತಾಳೆ ಶಿಖೆ, ಹಿಂದೆ ಕುದುರೆ ಕೂದಲಿನ ಜುಟ್ಟು ಬೆನ್ನ ತನಕ. ಒಳಗೆ ನೀಲಿ ಕೋಟು, ಬಸ್ಟ್‌ನಲ್ಲಿ ಅದರ ಕಾಲರ್ ಮತ್ತೆ ತೋಳಿನ ಮೇಲ್ಭಾಗ ಮಾತ್ರ ಕಾಣತ್ತೆ. ಭುಜದ ಮೇಲಿನ ಕುಚ್ಚಿನ ಪಟ್ಟಿಗೆ ಎಪಲೆಟ್ ಅಂತಾರೆ, ಆಫೀಸರ್‌ಗೆ ಅದು ಬೆಳ್ಳಿ, ಸಿಪಾಯಿಗೆ ಕೆಂಪು. ಸಣ್ಣ ಕೆಲಸ ಕಮ್ಮಿ, ದೊಡ್ಡ ನುಣುಪು ಜಾಗ ಜಾಸ್ತಿ. ಇದು ಸುಲಭ ಅಂತ ಅನ್ಸತ್ತೆ, ಅರ್ಧ ನಿಜ. ಎದೆಗವಚದ ಮೇಲೆ ಒಂದು ಧೂಳಿನ ಕಣ ಕೂತಿದ್ರೂ ಎದ್ದು ಕಾಣತ್ತೆ, ಮುಚ್ಚಿಡೋಕೆ ಜರಿ ಇಲ್ಲ ತುಪ್ಪಳ ಇಲ್ಲ. ಆದ್ರೂ ಮೊದಲನೇ ಬಸ್ಟ್ ಅಂದ್ರೆ ನಾನು ಕಣ್ಣು ಮುಚ್ಚಿ ಹೇಳೋದು ಇದೇ, ಯಾಕಂದ್ರೆ ಟೈಮ್ ಉಳಿದು ಮುಖಕ್ಕೆ ಸಿಗತ್ತೆ.

ಇದರ ಅಣ್ಣತಮ್ಮ ಅಂದ್ರೆ ಕ್ಯಾರಬಿನಿಯರ್. 1810ರಿಂದ ಅವರಿಗೆ ಬಿಳಿ ಕೋಟು, ಹಿತ್ತಾಳೆ ಹೊದಿಸಿದ ಕವಚ, ಹೆಲ್ಮೆಟ್ ಮೇಲೆ ಕೆಂಪು ಕಂಬಳಿಹುಳ ಮಲಗಿದ ಹಾಗೆ ಒಂದು ಕ್ರೆಸ್ಟ್. ಪ್ಯಾರಿಸ್‌ನ ಸೈನ್ಯ ಮ್ಯೂಸಿಯಂನಲ್ಲಿ ವಾಟರ್ಲೂದಲ್ಲಿ ಸತ್ತ ಫೋವೋ ಅನ್ನೋ ಕ್ಯಾರಬಿನಿಯರ್‌ನ ಕವಚ ಇಟ್ಟಿದಾರೆ, ಬಲ ಎದೇಲಿ ಫಿರಂಗಿ ಗುಂಡು ತೂರಿ ಹೋದ ತೂತು, ಮುಷ್ಟಿಗಿಂತ ದೊಡ್ಡದು. ಅದರ ಫೋಟೋ ಒಂದ್ಸಲ ನೋಡಿಬಿಡಿ, ಕವಚ ಅನ್ನೋದು ಫಳಫಳ ಕನ್ನಡಿ ಅಲ್ಲ, ಗೀರು ಬಿದ್ದ, ತಗ್ಗು ಬಿದ್ದ ತಗಡು ಅಂತ ಗೊತ್ತಾಗತ್ತೆ, ಪೇಂಟ್ ಮಾಡೋವಾಗ ಅದು ತಲೇಲಿ ಇದ್ರೆ ಸಾಕು.

ಗಾರ್ಡ್‌ನ ಶಾಸರ್ ಅಂದ್ರೆ ನೆಪೋಲಿಯನ್‌ನ ಬೆಂಗಾವಲು. ಅವನು ದಿನಾ ಹಾಕ್ಕೊತಿದ್ದ ಹಸಿರು ಕೋಟು ಇದೇ ರೆಜಿಮೆಂಟಿನ ಕರ್ನಲ್‌ದು. ಪೂರ್ತಿ ಡ್ರೆಸ್‌ನಲ್ಲಿ ಹಸಿರು ಡಾಲ್ಮನ್, ಕೆಂಪು ಪೆಲೀಸ್, ತಲೆಗೆ ತುಪ್ಪಳದ ಟೋಪಿ, ಹಸಿರು ತುರಾಯಿಗೆ ಕೆಂಪು ತುದಿ. ಜೆರಿಕೋ 1812ರಲ್ಲಿ ಬರೆದ ದೊಡ್ಡ ಪೇಂಟಿಂಗ್ ಇದೆಯಲ್ಲ, ಕುದುರೆ ಎರಡು ಕಾಲ ಮೇಲೆ ಎದ್ದು ಸವಾರ ಹಿಂದೆ ತಿರುಗಿರೋದು, ಲೂವ್ರ್‌ನಲ್ಲಿರೋದು, ಅವನು ಇದೇ ರೆಜಿಮೆಂಟಿನ ಆಫೀಸರ್. ಬಣ್ಣದ ರೆಫರೆನ್ಸ್‌ಗೆ ಅದಕ್ಕಿಂತ ಒಳ್ಳೇದು ಬೇಕಾ? ಆದ್ರೆ ಹುಸ್ಸಾರ್‌ನ ಎಲ್ಲಾ ಕಷ್ಟನೂ ಇದರಲ್ಲಿದೆ, ಜೊತೆಗೆ ಟೋಪಿಯ ತುಪ್ಪಳ. ಎರಡನೇದೋ ಮೂರನೇದೋ ಕಿಟ್ ಆಗಿ ತಗೊಳಿ.

ಪೋಲಿಶ್ ಲ್ಯಾನ್ಸರ್, ಅಂದ್ರೆ ಭರ್ಜಿ ಹಿಡಿದ ಸವಾರ, ಮಧ್ಯದ ದಾರಿ. ಗಾಢ ನೀಲಿ ಜಾಕೆಟ್, ಎದೆಗೆ ಕಡುಗೆಂಪು ಪಟ್ಟಿ, ನಾಲ್ಕು ಮೂಲೆ ಟೋಪಿ. ಜರಿ ಅಂಚಿಗೆ ಮಾತ್ರ. ಟೋಪಿಯ ಮೇಲ್ಭಾಗದ ಗೆರೆಗೆರೆ ಬಟ್ಟೆ ಸ್ವಲ್ಪ ಕಾಡತ್ತೆ. 1808ರ ನವೆಂಬರ್ 30ರಂದು ಸ್ಪೇನಿನ ಸೊಮೊಸಿಯೆರಾದಲ್ಲಿ ಬೆಟ್ಟದ ಕಿರುದಾರೀಲಿ ಫಿರಂಗಿಗಳ ಬಾಯಿಗೇ ನುಗ್ಗಿದೋರು ಇವರು. ಆಗ ಅವರ ಕೈಯಲ್ಲಿ ಭರ್ಜಿ ಇರಲಿಲ್ಲ, ಅದು ಬಂದಿದ್ದು 1809ರಲ್ಲಿ, ಹಾಗಾಗಿ ಪೀಠದ ಮೇಲೆ ಸೊಮೊಸಿಯೆರಾ ಅಂತ ಬರೆಸೋ ಪ್ಲಾನ್ ಇದ್ರೆ ಕಿಟ್‌ನಲ್ಲಿ ಕೊಟ್ಟಿರೋ ಭರ್ಜಿ ತುಂಡನ್ನ ಬಾಕ್ಸ್‌ನಲ್ಲೇ ಬಿಡಿ.

ನಮಗೂ ಇವರಿಗೂ ಏನ್ ಸಂಬಂಧ ಅಂತ ಕೇಳೋರಿಗೆ ಒಂದು ಮಾತು. ನೆಪೋಲಿಯನ್ 1799ರ ಜನವರೀಲಿ ಕೈರೋದಿಂದ ಟಿಪ್ಪುಗೆ ಕಾಗದ ಬರೆದಿದ್ದ, ಅದು ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ, ದಾರೀಲೇ ಇಂಗ್ಲಿಷರ ಕೈಗೆ ಸಿಕ್ತು. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್‌ನನ್ನ ಸೋಲಿಸಿದ ವೆಲ್ಲಿಂಗ್ಟನ್ ಅದೇ 1799ರಲ್ಲಿ ಶ್ರೀರಂಗಪಟ್ಟಣದ ಗವರ್ನರ್ ಆಗಿ ಕೂತ, ಮಾರನೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಯಚೂರು ಕಡೆ ಕೋಣಗಲ್ ಹತ್ರ ಇಂಗ್ಲಿಷರ ವಿರುದ್ಧ ಎದ್ದಿದ್ದ ಧೋಂಡಿಯಾ ವಾಘ್ ಮೇಲೆ ಕುದುರೆಪಡೆ ನುಗ್ಗಿಸಿದಾಗ ತಾನೇ ಮುಂದೆ ನಿಂತಿದ್ದ. ಇಷ್ಟು ಸಾಕು ಅಲ್ವಾ.

ಸೈಜ್

ಬಸ್ಟ್‌ಗಳು ಸಾಮಾನ್ಯವಾಗಿ 1/9, 1/10, 1/12ರಲ್ಲಿ ಬರತ್ತೆ, ಚಿಕ್ಕದು ಬೇಕಂದ್ರೆ 1/16; 1/10 ಅಂದ್ರೆ ನಿಜವಾದ ಮನುಷ್ಯನ ಹತ್ತರಲ್ಲಿ ಒಂದು ಪಾಲು. ಕಣ್ಣಿನ ಲೆಕ್ಕ ಹಾಕಿ ಆರಿಸಿ. ಮನುಷ್ಯನ ಕಣ್ಣಿನ ಬಣ್ಣದ ವೃತ್ತ ಸುಮಾರು 12 ಮಿಲಿಮೀಟರ್. ಅಂದ್ರೆ 1/10ರಲ್ಲಿ 1.2, 1/12ರಲ್ಲಿ 1, 1/16ರಲ್ಲಿ ಮುಕ್ಕಾಲು ಮಿಲಿಮೀಟರ್. ಅಷ್ಟರೊಳಗೆ ಪಾಪೆ ಇಡ್ಬೇಕು, ಹೊಳಪಿನ ಚುಕ್ಕೆ ಇಡ್ಬೇಕು. ನನಗೆ ಚಾಳೀಸ್ ಬಂದ ಮೇಲೆ 1/12ಕ್ಕಿಂತ ಕೆಳಗೆ ಇಳಿದಿಲ್ಲ. ದೊಡ್ಡದಾದಷ್ಟೂ ಸುಲಭ ಅಂತನೂ ಅಲ್ಲ. 1/9ರಲ್ಲಿ ಕೆನ್ನೆ ಅನ್ನೋದು ಒಂದು ಮೈದಾನ, ಅದನ್ನ ಬರೀ ಒಂದು ಬಣ್ಣದಲ್ಲಿ ಬಿಟ್ರೆ ಪ್ಲಾಸ್ಟಿಕ್ ತರ ಕಾಣತ್ತೆ, ಚರ್ಮದ ಕಲೆ, ನರ, ಗಡ್ಡದ ನೀಲಿ ಎಲ್ಲಾ ತುಂಬಿಸ್ಬೇಕು. ಮೊದಲ ಸಲಕ್ಕೆ 1/10 ಸರಿ.

ಎರಕದ ರೆಸಿನ್ನೋ, ಪ್ರಿಂಟೋ

ಮುಂಚೆ ಈ ಪ್ರಶ್ನೆನೇ ಇರಲಿಲ್ಲ, ಕಿಟ್ ಅಂದ್ರೆ ಸಿಲಿಕೋನ್ ಅಚ್ಚಲ್ಲಿ ಎರಕ ಹೊಯ್ದ ಪಾಲಿಯುರೆಥೇನ್. ಈಗ ಶಿಲ್ಪಿಯಿಂದ ಫೈಲ್ ತಗೊಂಡು ರೆಸಿನ್ ಪ್ರಿಂಟರ್‌ನಲ್ಲಿ ತೆಗೆಸ್ಕೊಬಹುದು, ನಮ್ಮೂರಲ್ಲೇ ಪ್ರಿಂಟ್ ಮಾಡಿ ಕೊಡೋರು ಸಿಗ್ತಾರೆ, ಪಾರ್ಸೆಲ್ ಎಲ್ಲಿ ಸಿಕ್ಕಾಕೊಂಡಿದೆ ಅಂತ ದಿನಾ ಟ್ರ್ಯಾಕಿಂಗ್ ನೋಡೋ ಗೋಳಿಲ್ಲ.

ಎರಕದ ಕಿಟ್‌ನಲ್ಲಿ ಕೆಲಸ ಗೊತ್ತಿರೋ ಜಾಗದಲ್ಲೇ ಇರತ್ತೆ. ಅಚ್ಚಿಗೆ ರೆಸಿನ್ ಸುರಿದ ಕಡೆ ಒಂದು ದಪ್ಪ ಗಂಟು ಉಳಿದಿರತ್ತೆ, ಅದನ್ನ ಸಣ್ಣ ಗರಗಸದಲ್ಲಿ ಕುಯ್ಯಬೇಕು. ಅಚ್ಚಿನ ಎರಡು ಭಾಗ ಸೇರಿದ ಕಡೆ ಗೆರೆ, ಅದನ್ನ ಬ್ಲೇಡ್ ಬೆನ್ನಿಂದ ಕೆರೀಬೇಕು. ಅಲ್ಲಲ್ಲಿ ಗಾಳಿಗುಳ್ಳೆ ತೂತು. ತೆಳ್ಳಗಿನ ಪಾರ್ಟ್ ಬಗ್ಗಿದ್ರೆ ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿದ್ರೆ ನಿಲ್ಲತ್ತೆ.

ಪ್ರಿಂಟ್‌ನಲ್ಲಿ ಅಚ್ಚಿನ ಗೆರೆ ಇಲ್ಲ ಗುಳ್ಳೆ ಇಲ್ಲ, ಆದ್ರೆ ಪ್ರಿಂಟ್ ಆಗೋವಾಗ ಹಿಡಿದು ನಿಲ್ಲಿಸಿದ ಸಪೋರ್ಟ್ ಕಡ್ಡಿಗಳ ಗುರುತು ಸಾಲಾಗಿ ಬೆವರುಸಾಲೆ ಎದ್ದ ಹಾಗೆ ಇರತ್ತೆ. ಪದರದ ಗೆರೆಗಳೂ ಇರತ್ತೆ. ತುಪ್ಪಳದಲ್ಲಿ, ಜರೀಲಿ ಅದು ಕಾಣಲ್ಲ. ಕೆನ್ನೆ ಮೇಲೆ, ಎದೆಗವಚದ ಉಬ್ಬಿನ ಮೇಲೆ ಕಾಣತ್ತೆ, ಅದೂ ಮೆಟಾಲಿಕ್ ಪೇಂಟ್ ಬಿದ್ದ ಮೇಲೇ ಕಾಣತ್ತೆ ಹಾಳಾದ್ದು. ಹಾಗಾಗಿ ಪ್ರಿಂಟ್ ತಗೊಳೋದಾದ್ರೆ ಹುಸ್ಸಾರ್, ಎರಕ ತಗೊಳೋದಾದ್ರೆ ಕ್ಯುರಾಸಿಯರ್, ಇದು ನನ್ನ ಒರಟು ಲೆಕ್ಕ. ಪ್ರಿಂಟಾದ ರೆಸಿನ್ ತೆಳ್ಳಗಿದ್ದ ಕಡೆ ಪಟ್ ಅಂತ ಮುರಿಯತ್ತೆ, ಕತ್ತಿ ಹಿಡಿ, ತುರಾಯಿ ಎಲ್ಲ ಹುಷಾರು. ಇನ್ನೊಂದು, ಒಳಗೆ ಟೊಳ್ಳಾಗಿ ಪ್ರಿಂಟ್ ಮಾಡಿದ್ರೆ ಕೆಳಗಡೆ ತೂತು ಇದೆಯಾ, ಒಳಗೆ ಸರಿಯಾಗಿ ತೊಳೆದಿದಾರಾ, ಯುವಿ ಬೆಳಕಲ್ಲಿ ಗಟ್ಟಿ ಮಾಡಿದಾರಾ ಅಂತ ಕೇಳಿ. ನನ್ನದೊಂದು ಬಸ್ಟ್ ಪೇಂಟ್ ಮುಗಿದು ಎರಡು ತಿಂಗಳಿಗೆ ಬೆನ್ನಲ್ಲಿ ಸೀಳು ಬಿಟ್ಟು ಒಳಗಿಂದ ಅಂಟಂಟು ರೆಸಿನ್ ಜಿನುಗ್ತು. ಸೀಳಿದ್ದು ಬೆನ್ನಲ್ಲಿ ಅಂತ ಗೋಡೆ ಕಡೆ ತಿರುಗಿಸಿಟ್ಟಿದೀನಿ.

ಅರ್ಧ ರೇಟಿಗೆ ಸಿಗೋ, ಶಿಲ್ಪಿ ಹೆಸರಿಲ್ಲದ, ಪ್ಲಾಸ್ಟಿಕ್ ಕವರ್‌ನಲ್ಲಿ ಬರೋ ಕಿಟ್‌ಗಳು ಬಹಳಷ್ಟು ರೀಕಾಸ್ಟ್. ಅಂದ್ರೆ ಒರಿಜಿನಲ್ ಕಿಟ್ ಮೇಲೇ ಮತ್ತೆ ಅಚ್ಚು ತೆಗೆದಿರೋದು. ಕದ್ದ ಮಾಲು ಅನ್ನೋದು ಒಂದ್ಕಡೆ, ರೆಸಿನ್ ಗಟ್ಟಿಯಾಗೋವಾಗ ಸ್ವಲ್ಪ ಕುಗ್ಗೋದ್ರಿಂದ ಕತ್ತು ಕಾಲರ್‌ನೊಳಗೆ ಸರಿಯಾಗಿ ಕೂರಲ್ಲ, ರೆಪ್ಪೆ ಅಂಚು ಮೊಂಡಾಗಿರತ್ತೆ. ಉಳಿಸಿದ ದುಡ್ಡಿನ ಎರಡರಷ್ಟು ಪುಟ್ಟಿಗೆ ಹೋಗತ್ತೆ.

ಹಳೇ ವೈಟ್ ಮೆಟಲ್, ಅಂದ್ರೆ ತವರದ ಮಿಶ್ರಲೋಹದ ಕಿಟ್ ಸಿಕ್ರೆ ತಗೊಳಿ, ಆದ್ರೆ ಮೊದಲನೇದಾಗಿ ಬೇಡ.

ತೊಳೆದು, ಉಜ್ಜಿ, ಅಂಟಿಸಿ

ಎರಡರಲ್ಲಿ ಯಾವುದೇ ಇರಲಿ ಮೊದಲು ಉಗುರುಬೆಚ್ಚಗಿನ ನೀರಿಗೆ ನಾಲ್ಕು ಹನಿ ವಿಮ್ ಲಿಕ್ವಿಡ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ತೊಳೀರಿ, ಅಚ್ಚಿನ ಎಣ್ಣೆ ಉಳಿದ್ರೆ ಪ್ರೈಮರ್ ಸಿಪ್ಪೆ ತರ ಎದ್ದು ಬರತ್ತೆ. ಉಜ್ಜೋಕೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ವಾಟರ್ ಪೇಪರ್, 400ರಿಂದ ಶುರು ಮಾಡಿ 600, 1000. ನೀರು ಹಾಕಿನೇ ಉಜ್ಜಿ, ಮಾಸ್ಕ್ ಹಾಕ್ಕೊಳಿ, ರೆಸಿನ್ ಪುಡಿ ಎದೆಗೆ ಒಳ್ಳೇದಲ್ಲ.

ಅಂಟಿಗೆ ಫೆವಿಕ್ವಿಕ್ ಮತ್ತು ಅರಾಲ್ಡೈಟ್ ಎರಡೂ ಬೇಕು. ಗುಂಡಿ, ಎಪಲೆಟ್ ತರದ್ದಕ್ಕೆ ಫೆವಿಕ್ವಿಕ್, ತಲೆ ಕತ್ತಿಗೆ ಕೂರಿಸೋಕೆ ಅರಾಲ್ಡೈಟ್, ಯಾಕಂದ್ರೆ ಮುಖ ಎಷ್ಟು ತಿರುಗಿದ್ರೆ ಚೆನ್ನ ಅಂತ ಆ ಕಡೆ ಈ ಕಡೆ ಅಲ್ಲಾಡಿಸಿ ನೋಡೋಕೆ ಟೈಮ್ ಕೊಡತ್ತೆ. ಭಾರ ಇರೋ ಪಾರ್ಟ್‌ಗೆ ಬರೀ ಅಂಟು ನಂಬ್ಬೇಡಿ, ಎರಡೂ ಕಡೆ ಕೈ ಡ್ರಿಲ್‌ನಲ್ಲಿ 1 ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ತಂತಿ ತುಂಡು ಕೂರಿಸಿ. ಸಂದು ತುಂಬೋಕೆ ಮಿಲಿಪುಟ್ ತರದ ನುಣುಪು ಎಪಾಕ್ಸಿ ಪುಟ್ಟಿ. ಎಂ-ಸೀಲ್ ಪೈಪಿಗೆ ಮಾಡಿದ್ದು, ಒಳಗಡೆ ಕಾಣದ ಜಾಗಕ್ಕೆ ಅದೇ ಸಾಕು. ಸೂಜಿಮೊನೆಯಷ್ಟು ಗುಳ್ಳೆಗೆ ಫೆವಿಕ್ವಿಕ್ ಜೊತೆ ಟಾಲ್ಕಂ ಪೌಡರ್ ಕಲಸಿ ಕಡ್ಡಿ ತುದೀಲಿ ಇಡಿ, ಗಟ್ಟಿಯಾದ ತಕ್ಷಣ ಉಜ್ಜಿ, ರಾತ್ರಿ ಬಿಟ್ರೆ ಕಲ್ಲಾಗತ್ತೆ.

ಪೂರ್ತಿ ಜೋಡಿಸಿ ಪೇಂಟ್ ಮಾಡೋದಾ, ಬಿಡಿಬಿಡಿಯಾಗಿ ಮಾಡೋದಾ? ಕ್ಯುರಾಸಿಯರ್‌ಗೆ ತಲೆ ಒಂದು ಬೇರೆ ಇಟ್ರೆ ಸಾಕು. ಹುಸ್ಸಾರ್‌ಗೆ ಪೆಲೀಸ್ ಬೇರೆನೇ ಇಡಿ, ಇಲ್ಲಾಂದ್ರೆ ಅದರ ಹಿಂದಿನ ಡಾಲ್ಮನ್ ತೋಳಿನ ಜರಿಗೆ ಬ್ರಷ್ ಹೋಗಲ್ಲ. ಆದ್ರೆ ಬಿಡಿಯಾಗಿ ಪೇಂಟ್ ಮಾಡೋಕೆ ಮುಂಚೆ ಒಂದ್ಸಲ ಬ್ಲೂ ಟ್ಯಾಕ್ ಅನ್ನೋ ಕಿತ್ತು ತೆಗೆಯೋಕಾಗೋ ಮೆತ್ತನೆ ಅಂಟಿನಲ್ಲಿ ಜೋಡಿಸಿ, ಮೇಲಿಂದ ಟಾರ್ಚ್ ಹಿಡಿದು ಫೋಟೋ ತಗೊಳಿ. ನೆರಳು ಎಲ್ಲಿ ಬೀಳತ್ತೆ ಅಂತ ಆಮೇಲೆ ನೆನಪಿರಲ್ಲ.

ಅಕ್ರಿಲಿಕ್ಕೋ ಆಯಿಲ್ಲೋ

ಇಲ್ಲೇ ಜಗಳ ಆಗೋದು. ಮುಂಚಿನ ತಲೆಮಾರಿನವರು ಮುಖಕ್ಕೆ ಆಯಿಲ್ ಬಿಟ್ರೆ ಬೇರೆ ಇಲ್ಲ ಅಂತಾರೆ, ಈಗಿನವರು ಎಲ್ಲಾ ಅಕ್ರಿಲಿಕ್. ನನ್ನ ಉತ್ತರ ಎರಡೂ, ಆದ್ರೆ ಯಾವುದು ಎಲ್ಲಿ ಅನ್ನೋದು ಮುಖ್ಯ.

ಅಕ್ರಿಲಿಕ್ ಬೇಗ ಒಣಗತ್ತೆ, ಅದೇ ಅದರ ಗುಣ, ಅದೇ ದೋಷ. ತೆಳ್ಳಗೆ ಹಾಲಿನ ಹದಕ್ಕೆ ಮಾಡ್ಕೊಂಡು ಹತ್ತು ಹದಿನೈದು ಪದರ ಹಾಕಿ ನೆರಳಿಂದ ಬೆಳಕಿಗೆ ಏರ್ಬೇಕು. ಏಪ್ರಿಲ್ ತಿಂಗಳು ಫ್ಯಾನ್ ಕೆಳಗೆ ಕೂತ್ರೆ ಬ್ರಷ್ ತುದೀಲೇ ಒಣಗಿ ಹೋಗತ್ತೆ. ವೆಟ್ ಪ್ಯಾಲೆಟ್ ಇಲ್ಲದೆ ಆಗಲ್ಲ, ದುಬಾರಿದು ಬೇಡ, ಸ್ವೀಟ್ ಬಾಕ್ಸ್‌ನ ಪ್ಲಾಸ್ಟಿಕ್ ಮುಚ್ಚಳಕ್ಕೆ ಒದ್ದೆ ಸ್ಪಂಜ್ ಹಾಸಿ ಮೇಲೆ ಬಟರ್ ಪೇಪರ್ ಹಾಕಿದ್ರೆ ಆಯ್ತು. ಜರಿ, ಗುಂಡಿ, ಅಂಚು, ಕಣ್ಣು, ಗೀರು, ಇಂಥ ಚೂಪು ಕೆಲಸಕ್ಕೆಲ್ಲ ಅಕ್ರಿಲಿಕ್ಕೇ. ಬ್ರಷ್ ಬಗ್ಗೆ ಹೇಳೋದಾದ್ರೆ 000 ಅನ್ನೋ ಅತಿ ಸಣ್ಣ ಸೈಜ್ ಹಿಂದೆ ಓಡ್ಬೇಡಿ, ಅದು ಬಣ್ಣನೇ ಹಿಡ್ಕೊಳಲ್ಲ, ಒಳ್ಳೇ ಮೊನೆ ಇರೋ ಕೊಲಿನ್ಸ್ಕಿ ಸೇಬಲ್ 1ನೇ ನಂಬರ್ ಒಂದಿದ್ರೆ ಮುಖದಿಂದ ಗುಂಡಿ ತನಕ ಎಲ್ಲಾ ಆಗತ್ತೆ.

ಆಯಿಲ್ ಅಂದ್ರೆ ಆರಾಮು. ನೆರಳು, ಬೆಳಕು, ಮಧ್ಯದ್ದು ಮೂರು ಬಣ್ಣ ಪಕ್ಕಪಕ್ಕ ಇಟ್ಟು ಒಣ ಬ್ರಷ್‌ನಲ್ಲಿ ಅಂಚು ತಟ್ತಾ ಹೋದ್ರೆ ತಾನಾಗೇ ಬೆರೆಯತ್ತೆ, ತಪ್ಪಾದ್ರೆ ಒರೆಸಿಬಿಡಿ. ಕೆಂಪು ಪೆಲೀಸಿನ ಮಡಿಕೆ ಒಂದನ್ನ ಅಕ್ರಿಲಿಕ್‌ನಲ್ಲಿ ಎರಡು ಸಂಜೆ ಮಾಡಿದ್ದನ್ನ ಆಯಿಲ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಮಾಡಿದೀನಿ. ಆದ್ರೆ ಕಾಯ್ಬೇಕು. ಎಲ್ಲಾ ಬಣ್ಣನೂ ಒಂದೇ ತರ ಒಣಗಲ್ಲ, ಬರ್ಂಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದ್ರಿಂದ ಬೇಗ ಒಣಗತ್ತೆ, ಟೈಟಾನಿಯಂ ವೈಟ್ ದಿನಗಟ್ಟಲೆ ಅಂಟಂಟಾಗೇ ಇರತ್ತೆ. 5ನೇ ಹುಸ್ಸಾರ್‌ನ ಬಿಳಿ ಪೆಲೀಸ್ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಹೊಳಪು ಕಮ್ಮಿ ಮಾಡೋಕೆ ಬಳಸೋ ಅರ್ಧ ಗಂಟೆ ಮುಂಚೆ ಬಣ್ಣನ ರಟ್ಟಿನ ಮೇಲೆ ಹಿಂಡಿಡಿ, ರಟ್ಟು ಎಣ್ಣೆ ಹೀರ್ಕೊಳ್ಳತ್ತೆ, ಬಟ್ಟೆ ಬಟ್ಟೆ ತರ ಮಂಕಾಗಿ ಕಾಣತ್ತೆ. ಮಳೆಗಾಲದಲ್ಲಿ ಮಲೆನಾಡು ಕರಾವಳಿ ಕಡೆಯೋರು ಒಣಗಿಸೋಕೆ ಒಂದು ಬಾಕ್ಸ್‌ಗೆ ಹಳೇ ಬಲ್ಬ್ ಹಾಕಿಟ್ಕೊಳಿ, ಬಿಸಿ ಜಾಸ್ತಿ ಆಗ್ದೇ ಇರೋ ಹಾಗೆ, ರೆಸಿನ್ ಮೆತ್ತಗಾದ್ರೆ ಕತ್ತು ವಾಲತ್ತೆ.

ಎರಡನ್ನೂ ಸೇರಿಸೋ ಕ್ರಮ ಹೀಗೆ. ಗ್ರೇ ಪ್ರೈಮರ್, ಅದರ ಮೇಲೆ ಅಕ್ರಿಲಿಕ್‌ನಲ್ಲಿ ಮೂಲ ಬಣ್ಣ ಮತ್ತೆ ಒರಟಾಗಿ ನೆರಳು ಬೆಳಕು, ಚೆನ್ನಾಗಿ ಒಣಗಿದ ಮೇಲೆ ಆಯಿಲ್, ಅದು ಒಣಗಿದ ಮೇಲೆ ಮತ್ತೆ ಅಕ್ರಿಲಿಕ್‌ನಲ್ಲಿ ಜರಿ. ಒಣಗಿದ ಅಕ್ರಿಲಿಕ್‌ನ ಆಯಿಲ್ ತೆಳು ಮಾಡೋ ವೈಟ್ ಸ್ಪಿರಿಟ್ ಕರಗಿಸಲ್ಲ. ಅಡಿಗೆ ಎನಾಮಲ್ ಹಾಕಿದ್ರೆ ಅದು ಎದ್ದು ಬರೋ ಚಾನ್ಸ್ ಇದೆ. ಸ್ಪ್ರೇ ಪ್ರೈಮರ್ ಮಳೆ ಬರ್ತಿರೋವಾಗ ಹೊಡೀಬೇಡಿ, ಪುಡಿಪುಡಿಯಾಗಿ ಕೂರತ್ತೆ.

ಮುಖ, ಒಂದು ಸಂಜೆ ಪೂರ್ತಿ

ಮುಖನೇ ಮೊದಲು ಮಾಡಿ. ಅದು ಕೆಟ್ರೆ ತೊಳೆದು ಮತ್ತೆ ಶುರು ಮಾಡ್ಬಹುದು, ಜರಿ ಎಲ್ಲಾ ಮುಗಿದ ಮೇಲೆ ಮುಖ ಕೆಟ್ರೆ ಅಳ್ಬೇಕು.

ಕಣ್ಣಿಗೆ ಬರೀ ಬಿಳಿ ಬೇಡ. ಬಿಳಿಗೆ ಚೂರು ಮೈಬಣ್ಣ, ಚೂರು ಬೂದು ಸೇರಿಸಿ. ಬಣ್ಣದ ವೃತ್ತದ ಮೇಲ್ಭಾಗ ರೆಪ್ಪೆ ಒಳಗೆ ಹೋಗಿರ್ಬೇಕು, ಪೂರ್ತಿ ವೃತ್ತ ಕಂಡ್ರೆ ಆಫೀಸರ್ ಯುದ್ಧಭೂಮೀಲಿ ಅಲ್ಲ, ಯಕ್ಷಗಾನದ ರಕ್ಕಸ ವೇಷದಲ್ಲಿ ನಿಂತಿದಾನೆ ಅನ್ಸತ್ತೆ. ಎರಡೂ ಕಣ್ಣು ಒಂದೇ ಕಡೆ ನೋಡೋ ಹಾಗೆ ಮಾಡೋಕೆ ನನ್ನ ಉಪಾಯ, ಎರಡನ್ನೂ ಸ್ವಲ್ಪ ಪಕ್ಕಕ್ಕೆ ನೋಡಿಸೋದು, ನೇರ ನೋಟಕ್ಕಿಂತ ಪಕ್ಕದ ನೋಟದಲ್ಲಿ ತಪ್ಪು ಕಾಣೋದು ಕಮ್ಮಿ. ಫೋನ್‌ನಲ್ಲಿ ಫೋಟೋ ತೆಗೆದು ಉಲ್ಟಾ ತಿರುಗಿಸಿ ನೋಡಿ, ಮೆಳ್ಳಗಣ್ಣು ತಕ್ಷಣ ಗೊತ್ತಾಗತ್ತೆ. ಮೇಲಿನ ರೆಪ್ಪೆಗೆ ಕಪ್ಪಲ್ಲ, ಗಾಢ ಕಂದು ಗೆರೆ.

ಚರ್ಮಕ್ಕೆ ಆಯಿಲ್‌ನಲ್ಲಿ ನಾಲ್ಕು ಟ್ಯೂಬ್ ಸಾಕು. ಬಿಳಿ, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಒಂದು ಕೆಂಪು. ಮುಖನ ಅಡ್ಡಕ್ಕೆ ಮೂರು ಭಾಗ ಮಾಡ್ಕೊಳಿ, ಹಣೆ ಹಳದಿ ಕಡೆಗೆ, ಮೂಗು ಕೆನ್ನೆ ಕಿವಿ ಕೆಂಪು ಕಡೆಗೆ, ದವಡೆ ನೀಲಿಬೂದು ಕಡೆಗೆ. ಗಡ್ಡ ಬೋಳಿಸಿದ ನೆರಳು ಅದು. ಯುರೋಪಿನ ಮುಖ ಮಾಡೋವಾಗ ನಮ್ಮ ಕೈ ತಾನಾಗೇ ಓಕರ್ ಕಡೆ ಜಾರತ್ತೆ, ಸುತ್ತಮುತ್ತ ದಿನಾ ನೋಡೋ ಬಣ್ಣ ಅದೇ ತಾನೆ, ನನ್ನ ಎರಡನೇ ಬಸ್ಟ್ ಫ್ರೆಂಚ್ ಕ್ಯಾಪ್ಟನ್ ಥೇಟ್ ನಮ್ಮ ಸೋದರಮಾವನ ಹಾಗೆ ಇದಾನೆ. ಇನ್ನೊಂದು ಚಿಕ್ಕ ವಿಷಯ ನನಗೆ ಇಷ್ಟ: ಬಿಸಿಲಲ್ಲಿ ತಿಂಗಳುಗಟ್ಟಲೆ ಸವಾರಿ ಮಾಡಿದೋನ ಮುಖ ಕಂದಿರತ್ತೆ, ಆದ್ರೆ ಟೋಪಿ ಅಂಚಿನ ಕೆಳಗೆ ಹಣೆ ಮೇಲೆ ಬಿಳಿ ಪಟ್ಟಿ ಉಳಿದಿರತ್ತೆ. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ ಬಸ್ಟ್ ಆದ್ರೆ ಇದನ್ನ ಮಾಡಿ ನೋಡಿ, ಮುಖಕ್ಕೆ ಒಂದು ಕಥೆ ಬಂದ್ಬಿಡತ್ತೆ.

ಹುಸ್ಸಾರ್‌ಗೆ ಕಿವಿ ಪಕ್ಕ ಸಣ್ಣ ಜಡೆ ಇದ್ರೆ ಅದನ್ನ ಕಪ್ಪು ಮಾಡ್ಬೇಡಿ, ಕಂದಿನ ಮೇಲೆ ಕಂದು, ಎಳೆ ಎಳೆಯಾಗಿ.

ಚಿನ್ನ ಬೆಳ್ಳಿ: ಮೆಟಾಲಿಕ್ ಪೇಂಟೋ, ಎನ್‌ಎಮ್‌ಎಮ್ಮೋ

ಎನ್‌ಎಮ್‌ಎಮ್, ಅಂದ್ರೆ ನಾನ್ ಮೆಟಾಲಿಕ್ ಮೆಟಲ್ ಅನ್ನೋದು ಲೋಹದ ಪುಡಿ ಇಲ್ಲದ ಮಾಮೂಲಿ ಬಣ್ಣದಲ್ಲೇ ಹೊಳಪಿನ ಭ್ರಮೆ ಹುಟ್ಟಿಸೋದು. ಫೋಟೋದಲ್ಲಿ ಅದ್ಭುತ. ಆದ್ರೆ ಅದು ಒಂದೇ ಕಡೆಯ ಬೆಳಕಿಗೆ ಮಾಡಿದ ಭ್ರಮೆ. ಬಸ್ಟ್‌ನ ಕೈಯಲ್ಲಿ ತಿರುಗಿಸಿ ನೋಡಿದ್ರೆ, ಕಿಟಕಿ ಹತ್ರ ಇಟ್ರೆ, ಗುಟ್ಟು ಬಯಲು. ಕ್ಯುರಾಸಿಯರ್ ಕವಚದಷ್ಟು ದೊಡ್ಡ ಜಾಗಕ್ಕೆ ಎನ್‌ಎಮ್‌ಎಮ್ ಮಾಡೋದು ಸಾಹಸನೇ, ಸ್ಪರ್ಧೆಗೆ ಕಳಿಸೋರು ಮಾಡಲಿ. ಶೋಕೇಸ್‌ಗೆ ಮಾಡೋರಿಗೆ ಮೆಟಾಲಿಕ್ ಸಾಕು, ಆದ್ರೆ ಬರೀ ಸಿಲ್ವರ್ ಬಳಿದು ಬಿಟ್ರೆ ಸ್ಟೀಲ್ ಪಾತ್ರೆ ಅಂಗಡಿ ಆಗತ್ತೆ.

ನಾನು ಮಾಡೋದು ಹೀಗೆ. ಕವಚಕ್ಕೆ ಮೊದಲು ಹೊಳಪು ಕಪ್ಪು, ಅದರ ಮೇಲೆ ತೆಳ್ಳಗೆ ಸ್ಟೀಲ್. ಒಣಗಿದ ಮೇಲೆ ಕೆಳಭಾಗಕ್ಕೆ ಆಯಿಲ್‌ನಲ್ಲಿ ಬರ್ಂಟ್ ಅಂಬರ್ ತೀರಾ ತೆಳು ಪದರ, ನೆಲದ ಪ್ರತಿಬಿಂಬಕ್ಕೆ. ಮೇಲ್ಭಾಗಕ್ಕೆ ಚೂರೇ ಚೂರು ನೀಲಿ, ಆಕಾಶಕ್ಕೆ. ಮಧ್ಯದಲ್ಲಿ ಎದೆಯ ಏಣು ಇರತ್ತಲ್ಲ, ಅದರ ಒಂದು ಪಕ್ಕ ಗಾಢ, ಇನ್ನೊಂದು ಪಕ್ಕ ತಿಳಿ. ಕೊನೆಗೆ ಗೀರುಗಳು, ಕಪ್ಪು ಗೆರೆ ಕೆಳಗೆ ಬೆಳ್ಳಿ ಗೆರೆ, ಹತ್ತಕ್ಕಿಂತ ಜಾಸ್ತಿ ಬೇಡ. ಮೊಳೆ ತಲೆಗಳ ಸುತ್ತ ಸ್ವಲ್ಪ ಕಂದು.

ಹುಸ್ಸಾರ್ ಜರಿಗೆ ಇದನ್ನೇ ತಿರುಗಿಸಿ ಮಾಡ್ಬೇಕು. ಮೈಸೂರು ಪೇಂಟಿಂಗ್‌ನಲ್ಲಿ ಗೆಸ್ಸೋ ಎಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸೋದನ್ನ ಹತ್ತಿರದಿಂದ ನೋಡಿದೋರಿಗೆ ಅರ್ಥ ಆಗತ್ತೆ, ಹೊಳಪು ಬರೋದು ಚಿನ್ನದಿಂದ ಮಾತ್ರ ಅಲ್ಲ, ಅದರ ಪಕ್ಕದ ಗಾಢ ಗೆರೆಯಿಂದ. ಮೊದಲು ಹುರಿಯ ಎರಡೂ ಅಂಚಿಗೆ ಬಟ್ಟೆ ಬಣ್ಣಕ್ಕಿಂತ ಗಾಢವಾದ ಗೆರೆ. ಆಮೇಲೆ ಹುರಿಗೆ ಕಂದು. ಕಂದಿನ ಮೇಲೆ ಚಿನ್ನ, ಆದ್ರೆ ಪೂರ್ತಿ ಅಲ್ಲ, ಹುರಿಯ ತಿರುವು ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಅಡ್ಡಡ್ಡ ಸಣ್ಣ ಸಣ್ಣ ಗೀಟು. ಕೊನೆಗೆ ಎದೆಯ ಮೇಲ್ಭಾಗದ ಸಾಲುಗಳಿಗೆ ಮಾತ್ರ ಚಿನ್ನಕ್ಕೆ ಬೆಳ್ಳಿ ಬೆರೆಸಿದ ಚುಕ್ಕೆ. ಕೆಳಗಿನ ಸಾಲು ಮಂಕಾಗೇ ಇರಲಿ. ಒಂದು ಕೂತಕ್ಕೆ ಎರಡು ಸಾಲಿಗಿಂತ ಜಾಸ್ತಿ ಮಾಡ್ಬೇಡಿ, ಮೂರನೇ ಸಾಲಿಗೆ ಕೈ ಸೋಮಾರಿ ಆಗತ್ತೆ, ಅದು ಕಾಣತ್ತೆ.

ಎದೆ ಮೇಲೆ ಲೀಜನ್ ಆಫ್ ಆನರ್ ಪದಕ ಇದ್ರೆ ಕೆಂಪು ರಿಬ್ಬನ್, ಐದು ತೋಳಿನ ಬಿಳಿ ಎನಾಮಲ್. ಈ ಗೌರವ ಶುರುವಾಗಿದ್ದು 1802ರಲ್ಲಿ, ಪದಕದ ಮೇಲೆ ಕಿರೀಟ ಸೇರಿದ್ದು 1806ರಲ್ಲಿ, ಹಾಗಾಗಿ ಕಿರೀಟ ಇರೋ ಪದಕ ಹಾಕ್ಕೊಂಡೋನನ್ನ 1805ರ ಆಸ್ಟರ್ಲಿಟ್ಜ್ ಯುದ್ಧದವನು ಅಂತ ಬರೆಸ್ಬೇಡಿ. ಒಂದು ಹನಿ ಗ್ಲಾಸ್ ವಾರ್ನಿಷ್ ಅದಕ್ಕೆ ಮತ್ತೆ ಕಣ್ಣಿಗೆ.

ಪೀಠ

ಅಂಗಡೀಲಿ ಕಪ್ಪು ಚೌಕ ಪೀಠ ಸಿಗತ್ತೆ, ನೀಟಾಗಿರತ್ತೆ. ನಾನು ಚನ್ನಪಟ್ಟಣ ಕಡೆಯ ಒಬ್ಬರಿಗೆ ಅಳತೆ ಕೊಟ್ಟು ಆಲೆ ಮರದಲ್ಲಿ ಲೇತ್ ಮೇಲೆ ಕಡೆಸಿದೆ, ಬೊಂಬೆಗೆ ಹಚ್ಚೋ ಅರಗನ್ನೇ ಕಪ್ಪು ಬಣ್ಣದಲ್ಲಿ ಹಚ್ಚಿಕೊಟ್ಟರು. ಹೊಳಪು ಸ್ವಲ್ಪ ಜಾಸ್ತಿನೇ, ಆದ್ರೆ ನನಗೆ ಅಂಗಡೀದಕ್ಕಿಂತ ಇದೇ ಇಷ್ಟ. ಎತ್ತರ ಬಸ್ಟ್‌ನ ಅರ್ಧಕ್ಕಿಂತ ಮೇಲೆ ಹೋದ್ರೆ ಆಫೀಸರ್ ಕಂಬ ಹತ್ತಿದ ಹಾಗೆ ಕಾಣ್ತಾನೆ. ಹಿತ್ತಾಳೆ ಕಡ್ಡಿ ಕೂರೋ ತೂತು ನೀವೇ ಕೊರೀರಿ, ಬೇರೆಯವರ ಕೈಗೆ ಕೊಟ್ರೆ ನಡುವೆ ಬರಲ್ಲ.

ಹೋದ ವರ್ಷ ದಸರಾಗೆ ಅಜ್ಜಿ ತಾವೇ ಆ ಮೊದಲನೇ ಹುಸ್ಸಾರನ್ನ ತಗ್ಸಿ ಗೊಂಬೆ ಮೆಟ್ಟಿಲ ಕೊನೇ ಸಾಲಲ್ಲಿ, ಶೆಟ್ಟಿ ಅಂಗಡಿ ಪಕ್ಕ ನಿಲ್ಲಿಸಿದ್ರು. ಆಲೂಗಡ್ಡೆ ಮುಖನೇ, ಆದ್ರೂ ಬಂದ ಹೆಂಗಸರೆಲ್ಲ ಜರಿ ಕೆಲಸ ನೋಡಿ ಯಾವ ಊರಿಂದ ತಂದಿದ್ದು ಅಂತ ಕೇಳಿದ್ರಂತೆ. ಕೆಳಗೆ ಇಳಿಸೋವಾಗ ತುರಾಯಿ ಮುರೀತು. ಅದಕ್ಕೇ ಹೇಳೋದು, ತುರಾಯಿನ ಫೆವಿಕ್ವಿಕ್‌ನಲ್ಲಿ ಅಂಟಿಸ್ಬೇಡಿ, ತಂತಿ ಹಾಕಿ ಸುಮ್ನೆ ಸಿಗಿಸಿಡಿ, ಎತ್ತಿಡೋವಾಗ ಕಿತ್ತು ಜೇಬಿಗೆ ಹಾಕ್ಕೊಬಹುದು.